ಉತ್ತರ ಕೊಡದ ಗಂಡ

ಜೂನ್ ೩, ಸೋಮವಾರ

ಇವತ್ತು ಸಂಜೆ ನಾನು ಬಿದ್ದ ಸದ್ದು ಎಷ್ಟೋ ಊರುಗಳಿಗೆ ಒಂದೇ ಸಲ ಕೇಳಿಸಿತು. ಒಬ್ಬರೂ ನಗಲಿಲ್ಲ.

ವಿವರವಾಗಿ ಬರೆದಿಟ್ಟುಕೊಳ್ಳುತ್ತೇನೆ. ಇಂಥ ಸೋಲು ದಿನಾ ಸಿಗುವಂಥದ್ದಲ್ಲ. ನಾಟಕ ಕಂಪನಿ ಮುಚ್ಚಿದಾಗಿನಿಂದ ಅಕ್ಕನ ಮನೆಯಲ್ಲಿ ಉಂಡುಕೊಂಡು ಬಿದ್ದಿದ್ದೆ. ಕೆಳಗಿನ ಅಂಗಡಿಯ ದರ್ಜಿ ಬಂದು, ಹೊಸ ರೇಡಿಯೋ ನಿಲಯದಲ್ಲಿ ನಗಿಸುವವರು ಬೇಕಂತೆ ಎಂದ. ರಂಗದ ಮೇಲೆ ಅರ್ಧ ಆಯುಷ್ಯ ನಗಿಸಿದವನಿಗೆ ಇದೇನು ಮಹಾ, ಬರೀ ಧ್ವನಿ ತಾನೇ, ಎಂದು ಮೀಸೆ ತಿರುವಿಕೊಂಡು ಹೋದೆ.

ನಿಲಯದಲ್ಲಿ ಒಂದು ಕೋಣೆ. ಗೋಡೆಗೆಲ್ಲ ದಪ್ಪ ಕಂಬಳಿ ಹೊದಿಸಿದ್ದಾರೆ. ಗೋಡೆಗೇ ಜ್ವರ ಬಂದ ಹಾಗಿದೆ. ನಡುವೆ ಒಂದು ಕಂಬ, ಅದರ ತುದಿಗೆ ಜರಡಿಯಂಥ ತಲೆ. ಅದೇ ಮೈಕು. ಗಾಜಿನಾಚೆ ನಿಲಯದ ಮುಖ್ಯಸ್ಥರು ಗೋಡೆ ಗಡಿಯಾರ ನೋಡುತ್ತಾ ನಿಂತಿದ್ದರು. ಅವರು ಮನುಷ್ಯರ ಮುಖ ನೋಡಿದ್ದನ್ನು ನಾನಿನ್ನೂ ಕಂಡಿಲ್ಲ. ಮನಸ್ಸಿನಲ್ಲೇ ಅವರಿಗೆ ಗಡಿಯಾರ ಸಾಹೇಬರು ಎಂದು ಹೆಸರಿಟ್ಟೆ.

ಕೆಂಪು ದೀಪ ಹತ್ತಿತು. ನಾನು ಎಡಗಡೆಯ ಹುಬ್ಬು ಏರಿಸಿದೆ. ಕಂಪನಿಯಲ್ಲಿ ಈ ಹುಬ್ಬಿಗೆ ಪ್ರತ್ಯೇಕ ಚಪ್ಪಾಳೆ ಬೀಳುತ್ತಿತ್ತು. ಮೈಕು ಮಿಸುಕಲಿಲ್ಲ. ಹೊಟ್ಟೆ ಕುಣಿಸಿದೆ. ಊಹೂಂ. ಕೊನೆಗೆ ನನ್ನ ಬ್ರಹ್ಮಾಸ್ತ್ರ: ಹೊಸ ಅಳಿಯ ಮಾವನ ಮನೆಗೆ ಬಂದು ಹೊಸ್ತಿಲಲ್ಲಿ ಜಾರಿ ಬೀಳುವುದು. ಬಿದ್ದೆ. ಮನಸಾರೆ ಬಿದ್ದೆ.

ಮುಗಿದ ಮೇಲೆ ಸಾಹೇಬರು ಒಳಗೆ ಬಂದರು.

"ಏನು ಬಿದ್ದಿದ್ದು ಅಲ್ಲಿ?"

"ನಾನೇ ಸಾರ್."

"ಯಾಕೆ?"

ಇಷ್ಟು ವರ್ಷ ಬಿದ್ದಿದ್ದೇನೆ, ಯಾಕೆ ಎಂದು ಯಾರೂ ಕೇಳಿರಲಿಲ್ಲ.

ದರ್ಜಿ ತನ್ನ ಅಂಗಡಿಯ ರೇಡಿಯೋದಲ್ಲಿ ಕೇಳಿದ್ದನಂತೆ. "ಧಡ್ ಅಂತ ಸದ್ದು ಬಂತು ಸ್ವಾಮಿ. ಪೆಟ್ಟಿಗೆ ಕೆಟ್ಟೋಯ್ತು ಅಂತ ಎಲ್ಲರೂ ಎದ್ದು ಹೋದ್ರು" ಎಂದ.

ಮಹಡಿ ಹತ್ತಿ ಬಂದರೆ ಅಕ್ಕ, "ಹೇಗಾಯ್ತೋ?" ಎಂದಳು.

"ಬಿದ್ದೆ ಅಕ್ಕ."

"ಏಟಾಯ್ತಾ?"

"ಮೈಗೇನೂ ಆಗ್ಲಿಲ್ಲ."

ಆದರೂ ಮಂಡಿಗೆ ಎಣ್ಣೆ ಹಚ್ಚಿದಳು. ಏಟು ಬಿದ್ದದ್ದು ಎಲ್ಲಿಗೆ ಎಂದು ತೋರಿಸುವುದಕ್ಕೆ ಆಗುವಂತಿರಲಿಲ್ಲ.

ಜೂನ್ ೧೦, ಸೋಮವಾರ

ಎರಡನೆಯ ಸೋಲು. ಮೊದಲನೆಯದರಷ್ಟು ಹೊಸತಲ್ಲವಾದ್ದರಿಂದ ಚುಟುಕಾಗಿ ಬರೆಯುತ್ತೇನೆ.

ನಿಲಯದಲ್ಲಿ ಸದ್ದು ಮಾಡುವುದಕ್ಕೆಂದೇ ಒಬ್ಬರಿದ್ದಾರೆ. ತಗಡು ಅಲುಗಿಸಿದರೆ ಗುಡುಗು, ಮರಳಿನ ತಟ್ಟೆ ತುಳಿದರೆ ಯಾರೋ ನಡೆದು ಬರುತ್ತಿದ್ದಾರೆ. ಎಲ್ಲರೂ ಅವರನ್ನು ಸದ್ದಪ್ಪ ಎನ್ನುತ್ತಾರೆ. ಬಾಯಿಬಿಟ್ಟು ಮಾತಾಡುವುದು ಮಾತ್ರ ಅಪರೂಪ. ಇವತ್ತು ನನ್ನ ಬಳಿ ಬಂದು ಮೆಲ್ಲಗೆ, "ನೀವು ಬೀಳ್ಬೇಡಿ. ಬೀಳೋದು ನನ್ನ ಕೆಲಸ" ಎಂದು ಮರಳಿನ ಮೂಟೆಯೊಂದನ್ನು ತೋರಿಸಿದರು. ನನಗಿಂತ ಚೆನ್ನಾಗಿ ಬೀಳುತ್ತದೆ.

ಗಡಿಯಾರ ಸಾಹೇಬರು ತಿಂಗಳ ಕೊನೆಯವರೆಗೆ ಗಡುವು ಕೊಟ್ಟರು. ಹೋಗುವಾಗ ಬುದ್ಧಿಮಾತು: "ಇಲ್ಲಿ ಕೆಟ್ಟದಾಗಿ ಮಾತಾಡಿದ್ರೂ ನಡೆಯತ್ತೆ. ಸುಮ್ಮನೆ ಮಾತ್ರ ಇರಬಾರ್ದು. ರೇಡಿಯೋದಲ್ಲಿ ಮೌನಕ್ಕಿಂತ ದೊಡ್ಡ ಪಾಪ ಇಲ್ಲ. ಜನ ಪೆಟ್ಟಿಗೆಗೆ ಗುದ್ದೋಕೆ ಶುರು ಮಾಡ್ತಾರೆ."

ಸುಮ್ಮನಿರುವುದು ನನಗೆ ಹುಟ್ಟಿನಿಂದಲೇ ಬಾರದ ವಿದ್ಯೆ ಎಂದೆ. ಅದಕ್ಕೂ ಅವರು ನಗಲಿಲ್ಲ.

ಜೂನ್ ೧೪, ಶುಕ್ರವಾರ

ಬೆಳಿಗ್ಗೆ ಹಾಸಿಗೆಯಲ್ಲಿ ಸೂರು ನೋಡುತ್ತಾ ಮಲಗಿದ್ದೆ. ಗೋಡೆಯಾಚೆ ಅಡುಗೆಮನೆಯಲ್ಲಿ ಅಕ್ಕ ಮಾತಾಡುತ್ತಿದ್ದಳು.

ಅವಳು ಮಾತಾಡುವುದು ಭಾವನ ಜೊತೆ. ಭಾವ ರೈಲಿನಲ್ಲಿ ಗಾರ್ಡ್ ಆಗಿದ್ದರು. ಮದುವೆಯಾಗಿ ಕೆಲವೇ ವರ್ಷಕ್ಕೆ ಜ್ವರ ಬಂದು ತೀರಿಕೊಂಡರು. ನಾನಾಗ ಕಂಪನಿಯ ಜೊತೆ ಊರೂರು ಅಲೆಯುತ್ತಿದ್ದೆ. ಆಮೇಲೆ ಅಕ್ಕ ಈ ಮಹಡಿಯ ಮೇಲೆ ಒಬ್ಬಳೇ ಉಳಿದು, ಕೆಳಗಿನ ದರ್ಜಿಗೆ ಗುಂಡಿ ಹಾಕಿಕೊಟ್ಟು, ಕಾಜಾ ಹೊಲಿದುಕೊಟ್ಟು ಬದುಕಿದಳು. ಒಲೆ ಹಚ್ಚಿದ ಕೂಡಲೇ ಭಾವನ ಜೊತೆ ಮಾತು ಶುರು. ನಾನು ಇಲ್ಲಿಗೆ ಬಂದಂದಿನಿಂದ ಕೇಳುತ್ತಲೇ ಇದ್ದೇನೆ, ನಲ್ಲಿಯ ನೀರಿನ ಸದ್ದು ಕೇಳಿದ ಹಾಗೆ. ಇವತ್ತು ಮಾತ್ರ ಕಿವಿಗೆ ಬಿತ್ತು.

"ರೀ, ಕೇಳಿಸ್ತಾ? ನಿಮ್ಮ ಬಾಮೈದ ಇನ್ನೂ ಎದ್ದಿಲ್ಲ. ಈ ಹಾಲೂ ಅವನೂ ಒಂದೇ ಜಾತಿ. ನೋಡ್ತಾ ಕೂತ್ರೆ ಏಳಲ್ಲ, ಆ ಕಡೆ ತಿರುಗಿದ್ರೆ ಉಕ್ಕಿ ಮೈಮೇಲೆ ಬರ್ತಾನೆ. ನೀವೇನೋ ಪುಣ್ಯಾತ್ಮರು, ಮುಂಚೆನೇ ಎದ್ದು ಹೊರಟುಬಿಟ್ರಿ. ಎಲ್ಲಿಗೇ ಹೊರಟ್ರೂ ಮುಂಚೆನೇ ಹೊರಡೋ ಅಭ್ಯಾಸ ನಿಮಗೆ. ರೈಲಿನವರಲ್ವಾ!"

ಹೊದಿಕೆಯೊಳಗೇ ನಕ್ಕೆ. ಬಾಯಿಗೆ ಬಟ್ಟೆ ತುರುಕಿಕೊಂಡು ನಕ್ಕೆ. ಕಂಪನಿ ಮುಚ್ಚಿದ ಮೇಲೆ ನಾನು ನಕ್ಕದ್ದು ಇದೇ ಮೊದಲು ಎಂದು ಕಾಣುತ್ತದೆ.

ಜೂನ್ ೧೭, ಸೋಮವಾರ

ಗೆದ್ದೆ!

ಹೆಂಗಸಿನ ಧ್ವನಿ ತೆಗೆದೆ. ಅಡುಗೆಮನೆಯಲ್ಲಿ ಗಂಡನ ಜೊತೆ ಮಾತಾಡುವ ಒಬ್ಬ ಹೆಂಗಸು. ಗಂಡ ಒಂದು ಸಲವೂ ಉತ್ತರ ಕೊಡುವುದಿಲ್ಲ. ಹಾಲಿನ ಮಾತು, ಸೋಮಾರಿ ತಮ್ಮನ ಮಾತು, ಎಲ್ಲ ಇತ್ತು; ರೈಲಿನ ಮಾತು ಮಾತ್ರ ಬಿಟ್ಟೆ. ಅವಳಿಗೆ ಮಾತಿನಮ್ಮ ಎಂದು ಹೆಸರಿಟ್ಟೆ. ಸದ್ದಪ್ಪ ಪಾತ್ರೆ ಕುಟ್ಟಿದರು, ನೀರು ಸುರಿದರು, ನಡುವೆ ನಗು ತಡೆಯಲಾರದೆ ಸೌಟನ್ನು ಹಲ್ಲಿನಲ್ಲಿ ಕಚ್ಚಿಕೊಂಡರು. ಗಾಜಿನಾಚೆ ಸಾಹೇಬರ ಭುಜ ಎರಡು ಸಲ ಅಲುಗಿತು. ಅವರಿಗೆ ಅದು ಅಟ್ಟಹಾಸ.

"ಎಲ್ಲಿಂದ ತಂದ್ರಿ ಇದನ್ನ?" ಎಂದರು.

"ಕಲೆ ಸಾರ್" ಎಂದೆ. ನಾಲಿಗೆ ಬಿದ್ದುಹೋಗಲಿಲ್ಲ.

ಜುಲೈ ೮, ಸೋಮವಾರ

ಬರೆಯುವುದಕ್ಕೆ ಪುರುಸೊತ್ತಿಲ್ಲ. ನಾನೀಗ ದೊಡ್ಡ ಮನುಷ್ಯ. ಅಲ್ಪನಿಗೆ ಐಶ್ವರ್ಯ ಬಂದ ಗಾದೆಯಲ್ಲಿ ಕೊಡೆ ಹಿಡಿದವನು ನಾನೇ.

"ರೀ, ಕೇಳಿಸ್ತಾ?" ಎನ್ನುವುದು ಈಗ ಬೀದಿಯ ಮಾತು. ಬಸ್ಸಿನ ಕಂಡಕ್ಟರ್ ಟಿಕೆಟ್ ತೆಗೆದುಕೊಳ್ಳದವರಿಗೆ ಹಾಗೆ ಹೇಳುತ್ತಾನೆ. ತರಕಾರಿಯವಳು ಚೌಕಾಸಿ ಮಾಡುವವರಿಗೆ ಹೇಳುತ್ತಾಳೆ. ಯಾವುದೋ ಹುಡುಗಿ ನಾಯಿಗೆ ಹೇಳುತ್ತಿದ್ದಳು.

ಅಕ್ಕ ಮಾತ್ರ ಕೇಳಿಲ್ಲ. ನಮ್ಮ ಮನೆಯಲ್ಲಿ ರೇಡಿಯೋ ಇಲ್ಲ. ದರ್ಜಿಯ ಅಂಗಡಿಯಲ್ಲಿ ಗಂಡಸರ ಗುಂಪಿನ ನಡುವೆ ಹೋಗಿ ನಿಲ್ಲುವವಳೂ ಅಲ್ಲ. "ಮುಖ ಇಲ್ದೆ ಮಾತು ಮಾತ್ರ ಬಂದ್ರೆ ಅದು ದೆವ್ವ ಕಣೋ" ಎನ್ನುತ್ತಾಳೆ. ಅಡುಗೆಮನೆಯಲ್ಲಿ ಯಾರ ಮುಖ ನೋಡಿ ಮಾತಾಡುತ್ತಾಳೋ, ಕೇಳಲಿಲ್ಲ.

ನಾನು ಈಗ ಬೆಳಕು ಹರಿಯುವ ಮುಂಚೆ ಏಳುತ್ತೇನೆ. ಎದ್ದು ಗೋಡೆಗೆ ಕಿವಿ ಹಚ್ಚಿ ಕೂರುತ್ತೇನೆ. ಇವತ್ತು ಅಕ್ಕ, "ರೀ, ನಿಮ್ಮ ಬಾಮೈದನಿಗೆ ಬುದ್ಧಿ ಬಂದಿದೆ, ಬೇಗ ಏಳ್ತಾನೆ. ಏನೋ ರೋಗ ಇರಬೇಕು, ನಾಳೆ ವೈದ್ಯರಿಗೆ ತೋರಿಸ್ತೀನಿ" ಎಂದಳು. ಸಂಜೆ ಅದನ್ನೂ ಹೇಳಿ ನಗಿಸಿದೆ.

ಜುಲೈ ೨೨, ಸೋಮವಾರ

ದರ್ಜಿಯ ಅಂಗಡಿಯಲ್ಲಿ ದೊಡ್ಡ ಚರ್ಚೆ. ಮಾತಿನಮ್ಮನ ಗಂಡ ಯಾಕೆ ಉತ್ತರ ಕೊಡುವುದಿಲ್ಲ? ಒಬ್ಬ, ಕಿವುಡ ಎಂದ. ಇನ್ನೊಬ್ಬ, ಪತ್ರಿಕೆ ಓದುತ್ತಿರುತ್ತಾನೆ ಎಂದ. ಮೂರನೆಯವನು ಅತ್ತಿತ್ತ ನೋಡಿ, "ನಮ್ಮ ಹಾಗೇ ಬುದ್ಧಿವಂತ" ಎಂದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ದರ್ಜಿ ಸೂಜಿಗೆ ದಾರ ಪೋಣಿಸುತ್ತಾ, "ನೀವು ತೆಗೆಯೋ ಆ ಧ್ವನಿ ಬೇರೆ ಎಲ್ಲೋ ಕೇಳಿದ ಹಾಗಿದೆ ಸ್ವಾಮಿ" ಎಂದ.

ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಂಡು ಮಹಡಿ ಹತ್ತಿದೆ.

ಆಗಸ್ಟ್ ೫, ಸೋಮವಾರ

ಕಾರ್ಯಕ್ರಮ ಮುಗಿಸಿ ಬಂದಾಗ ದರ್ಜಿ ಬಾಗಿಲಲ್ಲೇ ನಗುತ್ತಾ ನಿಂತಿದ್ದ.

"ನಿಮ್ಮಕ್ಕನೂ ನಿಮ್ಮ ಹಾಗೇ ಸ್ವಾಮಿ! ರಕ್ತದಲ್ಲೇ ಇದೆ ನೋಡಿ."

ಅಂಗಿಗಳನ್ನು ಕೊಡುವುದಕ್ಕೆಂದು ಅಕ್ಕ ಕೆಳಗೆ ಬಂದಿದ್ದಳಂತೆ. ಆಗಲೇ ಮಾತಿನಮ್ಮ ಶುರುವಾಗಿದೆ. ದರ್ಜಿ ಸ್ಟೂಲು ಹಾಕಿದ್ದಾನೆ. ಸುತ್ತ ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದಾರೆ. ಅಕ್ಕ ಅಂಗಿಯ ಗಂಟನ್ನು ಮಡಿಲಲ್ಲಿಟ್ಟುಕೊಂಡು ಕೊನೆಯವರೆಗೂ ಕೂತು ಕೇಳಿದ್ದಾಳೆ. ಮುಗಿದ ಮೇಲೆ ಎದ್ದವಳು, "ಪಾಪ, ಆಕೆಯ ಗಂಡ ಹೋಗಿ ಎಷ್ಟು ವರ್ಷ ಆಯ್ತಂತೆ?" ಎಂದು ಕೇಳಿದಳಂತೆ.

"ಎಲ್ಲರೂ ಒಂದು ಗಳಿಗೆ ಕಣ್ಣು ಕಣ್ಣು ಬಿಟ್ರು ಸ್ವಾಮಿ. ಆಮೇಲೆ ನಕ್ಕಿದ್ದೇ ನಕ್ಕಿದ್ದು. ಗಂಡ ಸತ್ತಿದಾನೆ ಅಂತೆ! ಎಂಥಾ ತಮಾಷೆ!"

ಮೆಟ್ಟಿಲು ಹತ್ತುವಾಗ ಹಲವು ಹಾಸ್ಯದ ಮಾತು ಸಿದ್ಧಮಾಡಿಕೊಂಡೆ. ಯಾವುದೂ ಬೇಕಾಗಲಿಲ್ಲ. ಅಕ್ಕ ಊಟ ಬಡಿಸಿದಳು. "ಉಪ್ಪು ಸರಿಯಾಗಿದೆಯಾ?" ಎಂದಳು. ಸರಿಯಾಗಿದೆ ಎಂದೆ. ಉಪ್ಪೇ ಹಾಕಿರಲಿಲ್ಲ.

ಆಗಸ್ಟ್ ೬, ಮಂಗಳವಾರ

ಬೆಳಿಗ್ಗೆ ಅಡುಗೆಮನೆಯಲ್ಲಿ ಪಾತ್ರೆಯ ಸದ್ದು. ನೀರಿನ ಸದ್ದು. ಮಾತಿಲ್ಲ.

ಆಗಸ್ಟ್ ೭, ಬುಧವಾರ

ಇಲ್ಲ.

ಆಗಸ್ಟ್ ೧೨, ಸೋಮವಾರ

ಇವತ್ತಿನ ಮಾತುಗಳನ್ನು ನಾನೇ ಕಟ್ಟಿದೆ. ಸೊಳ್ಳೆಯ ಮೇಲೆ ಒಂದು, ಸೋರುವ ಕೊಡದ ಮೇಲೆ ಒಂದು. ಸೊಳ್ಳೆಯೂ ನಗುವಂತಿರಲಿಲ್ಲ. ಸದ್ದಪ್ಪ ಪಾಪ, ಕನಿಕರಪಟ್ಟು ಒಂದು ತಟ್ಟೆ ಬೀಳಿಸಿದರು. "ಮಾತಿನಮ್ಮನಿಗೆ ಮೈ ಹುಷಾರಿಲ್ವಾ?" ಎಂದರು ಸಾಹೇಬರು.

ಆದರೆ ಅವರು ಕರೆದದ್ದು ಬೈಯುವುದಕ್ಕಲ್ಲ. ತಿಂಗಳ ಕೊನೆಯ ಸೋಮವಾರಕ್ಕೆ ನಿಲಯಕ್ಕೆ ಒಂದು ವರ್ಷ. ಉದ್ಯಾನದಲ್ಲಿ ಧ್ವನಿವರ್ಧಕ ಕಟ್ಟುತ್ತಾರೆ, ಊರಿಗೆ ಊರೇ ಸೇರುತ್ತದೆ. ಅವತ್ತು ಮಾತಿನಮ್ಮನ ಗಂಡ ಬಾಯಿ ಬಿಡಬೇಕು! ಅವಳು ಎಂದಿನಂತೆ ಮಾತಾಡುತ್ತಾ ಹೋಗಬೇಕು, ಕೊನೆಯಲ್ಲಿ "ರೀ, ಕೇಳಿಸ್ತಾ?" ಎಂದಾಗ ಗಂಡ ಸಿಡಿಲಿನಂತೆ "ಸಾಕು, ಬಾಯಿ ಮುಚ್ಚು!" ಎನ್ನಬೇಕು. ಅಷ್ಟೇ. ಊರು ಉರುಳಿ ಉರುಳಿ ನಗುತ್ತದೆ. ಗಂಡನ ಪಾತ್ರಕ್ಕೆ ಕಂಚಿನ ಕಂಠದವನೊಬ್ಬನನ್ನು ಕರೆಸಿದ್ದಾರೆ. ಆತ ನಮ್ಮ ಕಂಪನಿಯಲ್ಲಿ ರಾಜನ ಪಾತ್ರ ಮಾಡುತ್ತಿದ್ದವನು. ಪ್ರತಿ ನಾಟಕದಲ್ಲೂ ನನ್ನನ್ನು ಒದೆಯುವುದು ಅವನ ಹಕ್ಕಾಗಿತ್ತು.

ಇದು ಗೆದ್ದರೆ ನನ್ನ ಕೆಲಸ ಕಾಯಂ.

"ಭಲೇ ಉಪಾಯ ಸಾರ್" ಎಂದೆ. ದಾರಿಯಲ್ಲಿ ಮನೆಯ ತಿರುವು ದಾಟಿ ಎರಡು ಬೀದಿ ಮುಂದೆ ಹೋಗಿಬಿಟ್ಟಿದ್ದೆ. ನಿಲಯದ ಚಹಾದ ಅಮಲಿರಬೇಕು.

ಆಗಸ್ಟ್ ೧೮, ಭಾನುವಾರ

ಚಹಾ ಬಿಟ್ಟು ನಾಲ್ಕು ದಿನವಾಯಿತು. ನಿನ್ನೆಯೂ ತಿರುವು ದಾಟಿ ಹೋಗಿದ್ದೆ.

ಮಧ್ಯಾಹ್ನ ಅಕ್ಕ ಕಿಟಕಿಯ ಬಳಿ ಕೂತು ಕಾಜಾ ಹೊಲಿಯುತ್ತಿದ್ದಳು. ನಾನು ಸುಮ್ಮನೆ ಎದುರಿಗೆ ಕೂತೆ. ತಲೆ ಎತ್ತದೆಯೇ ಕೇಳಿದಳು.

"ನಾನು ಹಾಗಾ ಮಾತಾಡೋದು?"

ಹುಬ್ಬು ಏರಿಸಲು ನೋಡಿದೆ. ಏರಲಿಲ್ಲ.

"ಅದಕ್ಕಿಂತ ಚೆನ್ನಾಗಿ ಮಾತಾಡ್ತೀಯ ಅಕ್ಕ. ನಾನು ಮಾಡೋದು ಬರೀ ಕಪಿಚೇಷ್ಟೆ."

"ಜನ ನಗ್ತಾರಾ?"

"ನಗ್ತಾರೆ."

"ಅವರೂ ನಗ್ತಿದ್ರು." ದಾರವನ್ನು ಹಲ್ಲಿನಿಂದ ಕಡಿದಳು. "ಕೆಲಸ ಮುಗಿಸಿ ಬಂದು ಒಲೆ ಪಕ್ಕ ಕೂತ್ಕೊಳ್ಳೋರು. ಏನಾದ್ರೂ ಹೇಳು ಅನ್ನೋರು. ದಾರಿ ಉದ್ದಕ್ಕೂ ಒಬ್ಬನೇ ನಿಂತು ಬಂದಿದೀನಿ, ನಗಿಸು ಅನ್ನೋರು. ಅದಕ್ಕೇ ರೂಢಿ ಆಗೋಯ್ತು."

"ಅಕ್ಕ, ನಾನು..."

"ತಾಳು. ನಂಗೆ ಸಿಟ್ಟು ಬಂದಿಲ್ಲ. ಬಂದಿದ್ರೆ ನಿಂಗೆ ಆವತ್ತೇ ಊಟ ಸಿಗ್ತಿರ್ಲಿಲ್ಲ. ಆದ್ರೆ ಈಗ ಬಾಯಿ ತೆಗೆದ್ರೆ ಗೋಡೆ ಆಚೆ ನೀನಿದೀಯ ಅನ್ಸತ್ತೆ. ನಿನ್ನ ಹಿಂದೆ ದರ್ಜಿ, ದರ್ಜಿ ಹಿಂದೆ ಊರಿಗೆ ಊರೇ ಕೂತಿದೆ ಅನ್ಸತ್ತೆ. ಗಂಡನ ಹತ್ರ ನಾಲ್ಕು ಮಾತಾಡೋಕೆ ಇಷ್ಟು ಜನರ ಮಧ್ಯೆ ಹೇಗೋ ಆಗತ್ತೆ?"

"ಬಿಟ್ಟುಬಿಡ್ತೀನಿ ಅಕ್ಕ" ಎಂದೆ.

"ಬಿಟ್ಟು ಏನು ತಿಂತೀಯ? ಹುಬ್ಬು ತಿಂತೀಯಾ?"

ಇಬ್ಬರೂ ನಕ್ಕೆವು. ಆಮೇಲೆ ಅವಳು ಇನ್ನೊಂದು ಅಂಗಿ ತೆಗೆದುಕೊಂಡು, "ಒಂದು ಮಾತ್ರ ತಪ್ಪು ಮಾಡ್ತೀಯ. ರೀ ಕೇಳಿಸ್ತಾ ಅಂತೀಯ, ತಕ್ಷಣ ಇನ್ನೊಂದು ಮಾತು ಎತ್ಕೋತೀಯ. ಅವರಿಗೆ ಹೊತ್ತೇ ಕೊಡಲ್ಲ" ಎಂದಳು.

"ಉತ್ತರ ಬರಲ್ವಲ್ಲ ಅಕ್ಕ?"

"ಬರಲ್ಲ ಅಂತ ನಿಂಗೆ ಯಾರು ಹೇಳಿದ್ರು?"

ಇನ್ನು ಮುಚ್ಚಿಡುವುದು ಆಗಲಿಲ್ಲ. ಮುಂದಿನ ವಾರ ಗಂಡ ಮಾತಾಡುತ್ತಾನೆ, "ಸಾಕು, ಬಾಯಿ ಮುಚ್ಚು" ಎನ್ನುತ್ತಾನೆ ಎಂದು ಹೇಳಿದೆ. ಅಕ್ಕನ ಸೂಜಿ ನಿಂತಿತು.

"ಅವರು ಒಂದು ದಿನಾನೂ ಹಾಗೆ ಅಂದವರಲ್ಲ" ಎಂದಳು. ಮತ್ತೆ ಹೊಲಿಯತೊಡಗಿದಳು.

ಆಗಸ್ಟ್ ೨೦, ಮಂಗಳವಾರ

ಶೂರನ ಹಾಗೆ ಗಡಿಯಾರ ಸಾಹೇಬರ ಕೋಣೆಗೆ ನುಗ್ಗಿದೆ. ಗಂಡ ಮಾತಾಡುವುದು ಬೇಡ ಸಾರ್ ಎಂದೆ. ಕರಪತ್ರ ಹಂಚಿ ಆಗಿದೆ ಎಂದರು. ಬೇಡ ಸಾರ್ ಎಂದೆ. ಹಾಗಾದರೆ ಮಾತಿನಮ್ಮನಿಗೂ ಬೇರೆ ಯಾರನ್ನಾದರೂ ನೋಡುತ್ತೇನೆ, ನಿಮ್ಮ ಹಾಗೆ ಹೆಣ್ಣುಧ್ವನಿ ತೆಗೆಯುವವರು ಬೇಕಾದಷ್ಟು ಜನರಿದ್ದಾರೆ ಎಂದರು.

"ಆಗ್ಲಿ ಸಾರ್, ಗಂಡ ಮಾತಾಡ್ಲಿ" ಎಂದೆ.

ಬಾಗಿಲ ಹೊರಗೆ ಕಂಚಿನ ಕಂಠದವನು "ಸಾಕು, ಬಾಯಿ ಮುಚ್ಚು!" ಎಂದು ಅಭ್ಯಾಸ ಮಾಡುತ್ತಿದ್ದ. ಕಿಟಕಿಯ ಗಾಜು ಅದುರಿತು. "ಹೇಗಿದೆ?" ಎಂದ. ಭರ್ಜರಿಯಾಗಿದೆ ಎಂದು ಹೇಳಿ ಚಹಾ ಕೊಡಿಸಿ ಬಂದೆ. ನನ್ನ ಬೆನ್ನಿಗೆ ಮೂಳೆ ಇಟ್ಟದ್ದು ಬೀಳುವುದಕ್ಕೆ ಮಾತ್ರ ಎಂದು ಕಾಣುತ್ತದೆ.

ಆಗಸ್ಟ್ ೨೬, ಸೋಮವಾರ

ಕೈ ನೋಯುತ್ತಿದೆ. ಆದರೂ ಬರೆಯುತ್ತೇನೆ.

ಉದ್ಯಾನದ ಮುಂದಿನ ದಾರಿಯಲ್ಲೇ ನಿಲಯಕ್ಕೆ ಹೋದೆ. ಕಾಲಿಡಲು ಜಾಗವಿರಲಿಲ್ಲ. ಮರಗಳ ಮೇಲೂ ಜನ. ನಾನೇ ಮಾತಿನಮ್ಮ ಎಂದು ಅಲ್ಲಿ ಯಾರಿಗೂ ಗೊತ್ತಿಲ್ಲದ್ದರಿಂದ ಮೊಣಕೈಯಿಂದ ತಿವಿದು ಆಚೆ ತಳ್ಳಿದರು.

ಕೋಣೆಯಲ್ಲಿ ಮೂವರು. ನಾನು, ಪಾತ್ರೆಗಳ ನಡುವೆ ಸದ್ದಪ್ಪ, ಮೈಕಿನ ಆಚೆ ಬದಿಗೆ ಎದೆಯುಬ್ಬಿಸಿ ನಿಂತ ಕಂಚಿನ ಕಂಠ. ಕೆಂಪು ದೀಪ ಹತ್ತಿತು. ನಾನು ಶುರು ಮಾಡಿದೆ. ಇವತ್ತಿನ ಮಾತು ಗೋಡೆಗೆ ಕಿವಿ ಹಚ್ಚಿ ಕದ್ದದ್ದಲ್ಲ. ನನ್ನ ಮೇಲೆ ನಾನೇ ಕಟ್ಟಿದ್ದು. "ರೀ, ಒಂದು ವಿಷಯ ಗೊತ್ತಾ? ನನ್ನ ತಮ್ಮ ದೊಡ್ಡ ಮನುಷ್ಯ ಆಗಿದಾನೆ. ಬೀದೀಲಿ ಎದೆ ಮುಂದೆ ಮಾಡ್ಕೊಂಡು ಹೋಗ್ತಾನೆ, ಹೊಟ್ಟೆ ಅದಕ್ಕಿಂತ ಮುಂದೆ ಹೋಗತ್ತೆ. ಮನೆಗೆ ಮೊದ್ಲು ಹೊಟ್ಟೆ ಬರತ್ತೆ, ಆಮೇಲೆ ಅವನು, ಎಲ್ಲಕ್ಕಿಂತ ಕೊನೇಗೆ ಬುದ್ಧಿ. ಅದು ಇನ್ನೂ ದಾರೀಲಿದೆ." ಸದ್ದಪ್ಪ ಸೌಟು ಕಚ್ಚಿಕೊಂಡರು. ಸಾಹೇಬರ ಭುಜ ಅಲುಗಿತು.

ಹಾಗೆ ಹೇಳುತ್ತಾ ಹೋದೆ. ಕೊನೆಗೆ ಬಂತು.

"ರೀ... ಕೇಳಿಸ್ತಾ?"

ಕಂಚಿನ ಕಂಠದವನು ಉಸಿರು ಎಳೆದುಕೊಂಡ. ಅವನ ಎದೆ ಏರಿತು, ಬಾಯಿ ತೆರೆಯಿತು. ಆ ಬಾಯಿಯಿಂದ ಏನು ಬರುತ್ತದೆಂದು ನನಗೆ ಗೊತ್ತಿತ್ತು. ಇವತ್ತು ಕೇಳುತ್ತೇನೆಂದು ಬೆಳಿಗ್ಗೆಯೇ ಹೇಳಿದ್ದ ಅಕ್ಕ ದರ್ಜಿಯ ಅಂಗಡಿಯಲ್ಲಿ ಕೂತಿರುತ್ತಾಳೆಂದೂ ಗೊತ್ತಿತ್ತು.

ನಾನು ಏನು ಮಾಡಬೇಕೆಂದು ಯೋಚಿಸಿದೆನೆಂದರೆ ಅದು ಸುಳ್ಳು. ನನ್ನ ಮೈ ಎಂದೂ ನನ್ನನ್ನು ಕೇಳಿ ಕೆಲಸ ಮಾಡಿದ್ದಿಲ್ಲ. ಮೈಕಿನ ಕಂಬ ಬಳಸಿ ಒಂದೇ ನೆಗೆತಕ್ಕೆ ಹಾರಿ ಅವನ ಬಾಯಿ ಒತ್ತಿ ಹಿಡಿದೆ. ಅವನು ಕಣ್ಣು ಕೆಂಪಗೆ ಮಾಡಿ ನನ್ನನ್ನು ತಳ್ಳಿದ. ಬಿಡಲಿಲ್ಲ. ಅವನು ಹಿಂದಕ್ಕೆ ಹೆಜ್ಜೆ ಇಟ್ಟ, ನಾನೂ ಬಾವಲಿಯ ಹಾಗೆ ಜೋತುಬಿದ್ದು ಹೋದೆ. ಹಳೆಯ ಅಭ್ಯಾಸದಂತೆ ಒದ್ದ. ನಾನು ಒದೆಸಿಕೊಂಡೆ, ಸದ್ದಾಗದಂತೆ. ಕಂಬಳಿ ಹಾಸಿದ ನೆಲದ ಮೇಲೆ ಬೆಕ್ಕಿನ ಹಾಗೆ ಬಿದ್ದೆ. ಅವನನ್ನೂ ಎಳೆದುಕೊಂಡು ಬಿದ್ದೆ. ಇಡೀ ಜೀವನದಲ್ಲಿ ನಾನು ಬಿದ್ದದ್ದರಲ್ಲೆಲ್ಲ ಅತ್ಯುತ್ತಮವಾದದ್ದು ಅದು. ನೋಡಿದವರು ಇಬ್ಬರೇ, ಅವರಲ್ಲೊಬ್ಬರಿಗೆ ನಗು ಬರುವ ಸ್ಥಿತಿಯಿರಲಿಲ್ಲ. ಸಾಹೇಬರು ಎರಡೂ ಅಂಗೈಯಿಂದ ಗಾಜಿಗೆ ಬಡಿಯುತ್ತಿದ್ದರು. ದಪ್ಪ ಗಾಜು, ಏನೂ ಕೇಳಿಸದು. ಸದ್ದಪ್ಪನ ಕಡೆ ತಿರುಗಿ ಏನಾದರೂ ಬೀಳಿಸು, ಏನಾದರೂ ಕುಟ್ಟು ಎಂದು ಕೈಸನ್ನೆ ಮಾಡಿದರು. ಸದ್ದಪ್ಪ ಕೈಲಿದ್ದ ತಟ್ಟೆಯನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ತಟ್ಟೆಯನ್ನು ಮೆಲ್ಲಗೆ, ಮಗುವನ್ನು ಮಲಗಿಸುವಂತೆ, ಬಟ್ಟೆಯ ಮೇಲೆ ಇಟ್ಟರು.

ಕೋಣೆಯಲ್ಲಿ ಸದ್ದೇ ಇಲ್ಲ. ಊರಿಗೆಲ್ಲ ಅದೇ ಕೇಳಿಸುತ್ತಿದೆ.

ಎಷ್ಟು ಹೊತ್ತೋ. ಕಂಚಿನ ಕಂಠದವನು ನನ್ನ ಅಂಗೈ ಕಚ್ಚಿದ. ಕಚ್ಚಿಸಿಕೊಂಡೇ ಮೊಣಕಾಲ ಮೇಲೆ ಎದ್ದು, ಕುತ್ತಿಗೆ ಚಾಚಿ ಮೈಕಿನ ಹತ್ತಿರ ಬಾಯಿ ತಂದೆ. ಏನು ಹೇಳಬೇಕೆಂದು ಮುಂಚೆ ಅಂದುಕೊಂಡಿರಲಿಲ್ಲ.

"ಹೂಂ... ಸರಿ ಬಿಡಿ" ಎಂದಳು ಮಾತಿನಮ್ಮ. "ನೀವು ಹೇಳಿದ್ಮೇಲೆ ಮುಗೀತು. ಒಲೆ ಆರಿಸ್ತೀನಿ."

ಸದ್ದಪ್ಪ ನೀರು ಚಿಮುಕಿಸಿದರು. ಚುಸ್ ಎಂದಿತು. ಕೆಂಪು ದೀಪ ಆರಿತು.

ಸಾಹೇಬರು ಒಳಗೆ ಬಂದವರು ಮೊದಲ ಸಲ ನನ್ನ ಮುಖ ನೋಡಿದರು. "ನಾಳೆಯಿಂದ ಬರಬೇಡಿ" ಎಂದರು. ಕಂಚಿನ ಕಂಠದವನು ಮೀಸೆ ಸರಿಮಾಡಿಕೊಳ್ಳುತ್ತಾ, "ಮೂರು ತಿಂಗಳಿಗೊಂದು ಅವಕಾಶ ಸಿಕ್ಕಿತ್ತು, ಅದನ್ನೂ ಅಂಗೈಯಿಂದ ಮುಚ್ಚಿಬಿಟ್ಟೆಯಲ್ಲೋ ಪಾಪಿ" ಎಂದ. ಅದು ನಿಜ. ಕ್ಷಮಿಸು ಎಂದೆ. ಮತ್ತೊಮ್ಮೆ ಒದೆಯುವುದಿದ್ದರೆ ಒದಿ ಎಂದೂ ಹೇಳಿದೆ. "ಪ್ರೇಕ್ಷಕರಿಲ್ದೆ ಒದೆಯೋದ್ರಲ್ಲಿ ಏನಿದೆ?" ಎಂದು ಹೊರಟುಹೋದ.

ಮನೆಗೆ ಬಂದಾಗ ದರ್ಜಿ ಅಂಗಡಿ ಮುಚ್ಚುತ್ತಿದ್ದ. ಯಾವಾಗಲೂ ಬಾಯಿತುಂಬ ಮಾತಾಡುವವನು ಇವತ್ತು ಮೆಲ್ಲಗೆ ಹೇಳಿದ. ಮೌನ ಬಂದಾಗ ಎಲ್ಲರೂ ಗಂಡ ಮಾತಾಡುತ್ತಾನೆಂದು ಕಾದರಂತೆ. ಯಾರೋ ಒಬ್ಬ ಪೆಟ್ಟಿಗೆಗೆ ಗುದ್ದಲು ಕೈ ಎತ್ತಿದನಂತೆ. ಆ ಕೈಯನ್ನು ದರ್ಜಿಯೇ ಹಿಡಿದನಂತೆ.

"ನಿಮ್ಮಕ್ಕ ಆವತ್ತು ಹೇಳಿದ್ದು ತಮಾಷೆ ಅಲ್ಲ ಅಲ್ವಾ ಸ್ವಾಮಿ?"

ಅಲ್ಲ ಎಂದೆ.

ಅಕ್ಕ ನನ್ನ ಅಂಗೈ ನೋಡಿ, "ಇದೇನೋ, ನಾಯಿ ಕಚ್ಚಿತಾ?" ಎಂದಳು.

"ರಾಜ ಕಚ್ಚಿದ."

ಅರಿಸಿನ ಹಚ್ಚಿ ಬಟ್ಟೆ ಕಟ್ಟಿದಳು. ಕಾರ್ಯಕ್ರಮದ ಬಗ್ಗೆ ಒಂದು ಮಾತೂ ಆಡಲಿಲ್ಲ. ಗಂಟು ಬಿಗಿಯುವಾಗ ನನ್ನ ಕೈಯನ್ನು ಬೇಕಾದ್ದಕ್ಕಿಂತ ತುಸು ಹೆಚ್ಚು ಹೊತ್ತು ಹಿಡಿದುಕೊಂಡಿದ್ದಳು. ಗಂಟು ಸಡಿಲವಾಗಿರಬೇಕು.

ಸೆಪ್ಟೆಂಬರ್ ೩, ಮಂಗಳವಾರ

ಸಾಹೇಬರು ಕರೆಸಿದ್ದರು. ಜನ ನಿಲಯದ ಬಾಗಿಲಿಗೆ ಬಂದು ಮಾತಿನಮ್ಮ ಎಲ್ಲಿ ಎಂದು ಕೇಳುತ್ತಿದ್ದಾರಂತೆ. ಗಡಿಯಾರ ನೋಡುತ್ತಲೇ, "ಬೇಕಾದ್ರೆ ಮುಂದುವರಿಸಿ" ಎಂದರು.

"ಮಾತಿನಮ್ಮ ಇನ್ನು ಬರಲ್ಲ ಸಾರ್. ಹೇಳೋದೆಲ್ಲ ಹೇಳಿ ಮುಗಿಸಿದಾಳೆ."

ಹೀಗೆ ಹೇಳಿದವನು ನಾನೇ ಎಂದು ಹೊರಗೆ ಬಂದ ಮೇಲೆ ಆಶ್ಚರ್ಯವಾಯಿತು. ಸಾಹೇಬರಿಗೆ ಆಶ್ಚರ್ಯವಾಗಿದ್ದರೂ ತೋರಿಸಲಿಲ್ಲ. ಯೋಚಿಸಿ ಬೇರೆ ಕೆಲಸ ಕೊಟ್ಟರು: ಮಕ್ಕಳ ಕಾರ್ಯಕ್ರಮದಲ್ಲಿ ಪ್ರಾಣಿಗಳ ಕೂಗು. ನಾಯಿ, ಬೆಕ್ಕು, ಆಗಾಗ ಕತ್ತೆ. ಸಂಬಳ ಅರ್ಧ. ಕತ್ತೆಗೆ ಅಭ್ಯಾಸವೇ ಬೇಕಾಗಲಿಲ್ಲ. ಸದ್ದಪ್ಪ ಬಂದು ಕೈಕುಲುಕಿ, ನಾವಿಬ್ಬರೂ ಈಗ ಒಂದೇ ಜಾತಿ ಎಂದರು.

ಅಕ್ಕನಿಗೆ ಹೇಳಿದೆ. ಕತ್ತೆಯ ಹಾಗೆ ಕೂಗಿ ತೋರಿಸು ಎಂದಳು. ತೋರಿಸಿದೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಅಡುಗೆಮನೆ ಮಾತ್ರ ಇನ್ನೂ ಹಾಗೆಯೇ ಇದೆ. ನಾನೀಗ ಬೆಳಿಗ್ಗೆ ಎದ್ದ ಕೂಡಲೇ ಹೊರಗೆ ತಿರುಗಾಡಲು ಹೋಗುತ್ತೇನೆ. ಹೊಟ್ಟೆ ಕರಗಲಿ ಎಂದು.

ಸೆಪ್ಟೆಂಬರ್ ೧೯, ಗುರುವಾರ

ಮಕ್ಕಳ ಕಾರ್ಯಕ್ರಮ ಬೇಗ ಮುಗಿಯುತ್ತದೆ. ಇನ್ನೂ ಬಿಸಿಲಿರುವಾಗಲೇ ಮನೆಗೆ ಬಂದೆ. ಇವತ್ತು ಕತ್ತೆಯ ಜೊತೆ ಒಂದು ಕಪ್ಪೆಯನ್ನೂ ಮಾಡಿದೆ. ಚೆನ್ನಾಗಿ ಬಂತು, ಅಕ್ಕನಿಗೆ ಹೇಳಬೇಕೆಂದು ಎರಡೆರಡು ಮೆಟ್ಟಿಲು ಹಾರುತ್ತಾ ಹತ್ತುತ್ತಿದ್ದೆ. ಮೇಲಿನ ತಿರುವಿನಲ್ಲಿ ಕಿವಿಗೆ ಬಿತ್ತು.

"ರೀ..."

ಕಾಲು ಅಲ್ಲೇ ನಿಂತಿತು. ಒಲೆ ಹತ್ತಿದ ಸದ್ದು. ಪಾತ್ರೆ ಇಟ್ಟ ಸದ್ದು. ಅಕ್ಕ ಸಣ್ಣ ಧ್ವನಿಯಲ್ಲಿ, ಮರೆತ ದಾರಿಯಲ್ಲಿ ನಡೆಯುವವಳ ಹಾಗೆ, ಮುಂದೆ ಏನೋ ಹೇಳಲು ಶುರು ಮಾಡಿದಳು.

ಬಂದ ಹಾಗೆಯೇ ತಿರುಗಿದೆ. ಚಪ್ಪಲಿ ಕೈಯಲ್ಲಿ ಹಿಡಿದು, ಗೋಡೆ ಹಿಡಿದು, ಒಂದೊಂದೇ ಮೆಟ್ಟಿಲು ಇಳಿದೆ. ಈ ಮೈಗೆ ಇಷ್ಟು ಮೆಲ್ಲಗೆ ಇಳಿಯಲು ಬರುತ್ತದೆಂದು ತಿಳಿದಿರಲಿಲ್ಲ. ದರ್ಜಿಯ ಅಂಗಡಿಯಲ್ಲಿ ಹೊಲಿಗೆಯಂತ್ರ ಗಡಗಡ ಎನ್ನುತ್ತಿತ್ತು. ಅದರ ಪಕ್ಕದಲ್ಲೇ ಹೋಗಿ ನಿಂತೆ. ಅಲ್ಲಿ ಬೇರೇನೂ ಕೇಳಿಸುವುದಿಲ್ಲ.

ದರ್ಜಿ ಕಾಲು ನಿಲ್ಲಿಸಿ, "ಏನು ಸ್ವಾಮಿ, ಮೇಲೆ ಹೋಗಲ್ವಾ?" ಎಂದ.

"ಭಾವ ಬಂದಿದಾರೆ" ಎಂದೆ. "ಸ್ವಲ್ಪ ಹೊತ್ತು ಬಿಟ್ಟು ಹೋಗ್ತೀನಿ. ನೀವು ಯಂತ್ರ ನಿಲ್ಲಿಸ್ಬೇಡಿ."

ಅವನು ನನ್ನ ಮುಖ ನೋಡಿದ. ಸ್ಟೂಲಿನ ಮೇಲಿದ್ದ ಬಟ್ಟೆ ತೆಗೆದು ನನ್ನ ಕಡೆ ಸರಿಸಿ, ಮತ್ತೆ ತುಳಿಯತೊಡಗಿದ.